‘ಭೂಮಿಪುತ್ರ’ ಬೇಡ, ಬೇರೆ ಹುಡುಕಿ

ಗುಂಪು: ಕನ್ನಡ ಎಂಎ ಹಳಬರು, ಮುಂಬಯಿ–ಪುಣೆ

ಪ್ರಶಾಂತ್ ಪುಣೆ: 📄 ಭೂಮಿಪುತ್ರನ ಟಿಪ್ಪಣಿಗಳು – ಜೇಮ್ಸ್ ಬಾಲ್ಡ್ವಿನ್.ಪಿಡಿಎಫ್
ಅಮೆರಿಕದ ಕಪ್ಪು ಲೇಖಕನ ‘ನೋಟ್ಸ್ ಆಫ್ ಎ ನೇಟಿವ್ ಸನ್’ ಪ್ರಬಂಧಗಳ ಕನ್ನಡ. ಬೇರೆ ಗುಂಪಿನಿಂದ ಬಂದದ್ದು, ಅನುವಾದಕರ ಹೆಸರಿಲ್ಲ. ಭಾನುವಾರ ಮಾಟುಂಗಾದಲ್ಲಿ ಇದನ್ನೇ ಓದೋಣ ಅಂತೀನಿ. ಏನಂತೀರಿ?

ಗೀತಕ್ಕ ಡೊಂಬಿವಿಲಿ: ಮೊದಲು ಆ ತಲೆಬರಹ ತೆಗಿ. 1966ರಿಂದ ಈ ಊರಲ್ಲಿ ಭೂಮಿಪುತ್ರ ಅಂದ್ರೆ ಶಿವಸೇನೆಯ ಮಾತು, ದಕ್ಷಿಣದಿಂದ ಬಂದ ನಮ್ಮಂಥವರ ವಿರುದ್ಧ ಎದ್ದ ಮಾತು. ಬಾಲ್ಡ್ವಿನ್‌ನಲ್ಲಿ ತದ್ವಿರುದ್ಧ. ಅಲ್ಲೇ ಹುಟ್ಟಿಯೂ ಹೊರಗಿನವನು ಅನ್ನಿಸಿಕೊಂಡವನು ‘ನಾನೂ ಈ ಮನೆ ಮಗನೇ’ ಅನ್ನೋದು.

ಶೆಟ್ರು ಮಾಟುಂಗಾ: ಮಣ್ಣಿನ ಮಗ?

ಪ್ರಶಾಂತ್ ಪುಣೆ: ದೇವೇಗೌಡ್ರು ಎದ್ದು ಬರ್ತಾರ್ರೀ 😄

ಶೆಟ್ರು ಮಾಟುಂಗಾ: ಪೀಠಿಕೆಯಲ್ಲೂ ಎಡವಟ್ಟು ಉಂಟು ಮಾರಾಯ್ರೆ. ‘ನೇಟಿವ್ ಸನ್’ ಕಾದಂಬರಿ ಬಾಲ್ಡ್ವಿನ್‌ನದ್ದು ಅಂತ ಬರೆದಿದ್ದಾರೆ. ಅದು ಇನ್ನೊಬ್ಬ ಕಪ್ಪು ಲೇಖಕ ರಿಚರ್ಡ್ ರೈಟ್‌ದು, 1940. ಬಾಲ್ಡ್ವಿನ್‌ನ ಪ್ರಬಂಧಗಳ ಪುಸ್ತಕ 1955ರದ್ದು, ಹೆಸರಿನಲ್ಲೇ ರೈಟ್‌ಗೆ ತಿರುಗೇಟು. ಪ್ರತಿಭಟನೆಯ ಕಾದಂಬರಿ ಮನುಷ್ಯನನ್ನು ಒಂದು ಹಣೆಪಟ್ಟಿಗೆ ಇಳಿಸುತ್ತದೆ ಅಂತ ಅವನು 1949ರಲ್ಲೇ ಬರೆದಿದ್ದ. ರೈಟ್ ಸಿಟ್ಟಾದ, ಸ್ನೇಹ ಕೆಟ್ಟಿತು.

ಪ್ರಶಾಂತ್ ಪುಣೆ: ಪೀಠಿಕೆ ತಿದ್ದಬಹುದು. ಒಳಗಿನ ಕನ್ನಡ ಭಾಳ ಚಲೋ ಅದ. ಬಿಸಿ ಅದ.

ಗೀತಕ್ಕ ಡೊಂಬಿವಿಲಿ: ಆ ಬಿಸಿನೇ ತೊಂದರೆ ಪ್ರಶಾಂತ. ನ್ಯೂಜೆರ್ಸಿಯ ಟ್ರೆಂಟನ್‌ನ ರೆಸ್ಟೋರೆಂಟಿನ ಪ್ರಸಂಗ ನೋಡು. ಪರಿಚಾರಿಕೆ ಹೇಳೋದು ‘ಇಲ್ಲಿ ನೀಗ್ರೋಗಳಿಗೆ ಕೊಡೋದಿಲ್ಲ’ ಅಂತ. ದನಿಯಲ್ಲಿ ಸ್ವಲ್ಪ ಕ್ಷಮೆ, ಕಣ್ಣಲ್ಲಿ ಹೆದರಿಕೆ. ಪಿಡಿಎಫ್‌ನಲ್ಲಿ ‘ಏಯ್ ಕರಿಯಾ, ನಿನಗಿಲ್ಲಿ ಊಟ ಇಲ್ಲ, ಎದ್ದೋಗು!’ ಆಗಿದೆ. ಮೂಲದಲ್ಲಿ ‘ನೀನು’ ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ಏಕವಚನ ಬಹುವಚನದ ಗೊಡವೆಯಿಲ್ಲ, ಕನ್ನಡಕ್ಕೆ ತರುವಾಗ ‘ನೀನು’ ತುರುಕಿದ ಕೂಡಲೇ ಅವಳು ಬಜಾರಿ ಆಗ್ತಾಳೆ. ಹೆದರಿದವಳ ಮೇಲೆ ಬಾಲ್ಡ್ವಿನ್‌ಗೆ ಕೊಲ್ಲುವಷ್ಟು ದ್ವೇಷ ಬಂತು ಅನ್ನೋದೇ ಪ್ರಬಂಧದ ಜೀವ. ಬೈದವಳನ್ನು ಯಾರು ಬೇಕಾದರೂ ದ್ವೇಷಿಸ್ತಾರೆ.

ಶೆಟ್ರು ಮಾಟುಂಗಾ: 👆 ಇದು.

ಪ್ರಶಾಂತ್ ಪುಣೆ: ಒಪ್ಪಿದೆ ಅಕ್ಕಾ. ಆದ್ರ ‘ಕೊಡೋದಿಲ್ಲ’ ಸಪ್ಪೆ. ‘ಬಡಿಸೋದಿಲ್ಲ’ ಅನ್ರಿ. ಪಂಕ್ತಿಭೇದ ಕಂಡ ನಮ್ಮ ಓದುಗರಿಗೆ ವಿವರಣೆಯೇ ಬೇಡ. ದಲಿತ ಪ್ಯಾಂಥರ್ 1972ರಾಗ ಇದೇ ಮುಂಬಯಿಯೊಳಗ ಹುಟ್ಟಿದಾಗ ಹೆಸರು ತಗೊಂಡದ್ದು ಅಮೆರಿಕದ ಕಪ್ಪು ಜನರ ಹೋರಾಟದ ಪಕ್ಷ ಬ್ಲ್ಯಾಕ್ ಪ್ಯಾಂಥರ್‌ನಿಂದ. ಅಂಬೇಡ್ಕರ್ 1946ರಾಗ ಅಲ್ಲಿಯ ಕಪ್ಪು ಚಿಂತಕ ಡುಬೋಯಿಸ್‌ಗೆ ಪತ್ರ ಬರೆದಿದ್ರು. ಈ ಸಂಬಂಧ ನಾನು ಹುಟ್ಟಿಸಿದ್ದಲ್ಲ.

ಶೆಟ್ರು ಮಾಟುಂಗಾ: ರೆಸ್ಟೋರೆಂಟಿನಲ್ಲಿ ಯಾರು ಬಡಿಸ್ತಾರೆ? ಬಡಿಸುವುದು ಎಲೆಗೆ.

ಗೀತಕ್ಕ ಡೊಂಬಿವಿಲಿ: ‘ಬಡಿಸು’ ಇರಲಿ, ಅದು ಕ್ರಿಯಾಪದ, ಊಟದ್ದೇ. ಆದರೆ ‘ವರ್ಣ’ ಬೇಡ. ಪಿಡಿಎಫ್‌ನಲ್ಲಿ ಎಲ್ಲ ಕಡೆ ‘ವರ್ಣ’ ಇದೆ. ಕನ್ನಡದಲ್ಲಿ ಅದು ಬಣ್ಣವೂ ಹೌದು, ಚಾತುರ್ವರ್ಣ್ಯವೂ ಹೌದು. ಒಂದು ಪ್ಯಾರಾದಲ್ಲಿ ಓದುಗ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರ್ತಾನೆ, ಮುಂದಿನದರಲ್ಲಿ ಮನುಸ್ಮೃತಿಯಲ್ಲಿ. ಪತ್ರಿಕೆಗಳು ದಕ್ಷಿಣ ಆಫ್ರಿಕಾಕ್ಕೆ ‘ವರ್ಣಭೇದ ನೀತಿ’ ಬಳಸಿ ರೂಢಿಯಾಗಿದೆ, ಅದನ್ನು ಅಲ್ಲಿಗೇ ಬಿಡಿ. ಇಲ್ಲಿ ರೇಸ್‌ಗೆ ‘ಜನಾಂಗ’, ಚರ್ಮದ ಮಾತು ಬಂದಲ್ಲಿ ‘ಮೈಬಣ್ಣ’. ಜಾತಿ ಸಂಘದವರೂ ‘ನಮ್ಮ ಜನಾಂಗ’ ಅಂತಾರೆ, ಗೊತ್ತು. ಅದಕ್ಕಿಂತ ಚೊಕ್ಕದ್ದು ಸಿಗಲಿಲ್ಲ.

ಪ್ರಶಾಂತ್ ಪುಣೆ: ಹಂಗಾರ ‘ನೀಗ್ರೋ’? ಈಗ ಆ ಶಬ್ದ ಯಾರೂ ಆಡೂದಿಲ್ಲ. ಎಲ್ಲಾ ಕಡೆ ‘ಕಪ್ಪು ಜನ’ ಮಾಡಿಬಿಡ್ಲಿ?

ಗೀತಕ್ಕ ಡೊಂಬಿವಿಲಿ: ಒಟ್ಟಿಗೆ ಹುಡುಕಿ ಬದಲಾಯಿಸಬೇಡ! 1955ರಲ್ಲಿ ಅದು ಮರ್ಯಾದೆಯ ಪದ. ಇಂಗ್ಲಿಷಿನಲ್ಲಿ ಅದರ ಮೊದಲಕ್ಷರ ದೊಡ್ಡದಾಗಿ ಅಚ್ಚಾಗಬೇಕು ಅಂತ ಡುಬೋಯಿಸ್ ಹೋರಾಡಿದ್ದರು, ನ್ಯೂಯಾರ್ಕ್ ಟೈಮ್ಸ್ ಒಪ್ಪಿದ್ದು 1930ರಲ್ಲಿ. ‘ಬ್ಲ್ಯಾಕ್’ ಹೆಮ್ಮೆಯ ಪದವಾಗಿ ಮೇಲೆ ಬಂದದ್ದು ಅರವತ್ತರ ದಶಕದ ಕೊನೆಗೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಆ ಜಗಳ ಹೇಗೂ ಕಳೆದುಹೋಯ್ತು, ಪದವಾದರೂ ಉಳಿಯಲಿ. ಪುಟದ ಕೆಳಗೆ ಎರಡು ಸಾಲು ಅಡಿಟಿಪ್ಪಣಿ ಸಾಕು. ‘ಕರಿಯ’ ಅನ್ನೋದನ್ನ ಮೂಲದಲ್ಲಿ ಬೈಗುಳ ಇದ್ದಲ್ಲಿ ಮಾತ್ರ ಹಾಕು.

ಶೆಟ್ರು ಮಾಟುಂಗಾ: ಗೀತಕ್ಕ, ಅಷ್ಟು ಮಡಿ ಮಾಡಿದರೆ ಲೇಖಕನ ಸಿಟ್ಟು ಉಳಿಯುತ್ತದಾ? ಜನರ ಪರವಾಗಿ ಮಾತಾಡುವ ಹೊಣೆ ಇಲ್ಲವಾ ಅವನಿಗೆ?

ಗೀತಕ್ಕ ಡೊಂಬಿವಿಲಿ: ಸಿಟ್ಟು ಅವನದ್ದು ಶೆಟ್ರೇ, ಅವನು ಅಳೆದು ಇಟ್ಟಷ್ಟೇ ಇರಲಿ. 1943ರ ಜುಲೈ 29ಕ್ಕೆ ಅಪ್ಪ ತೀರಿಕೊಂಡ, ಅದೇ ದಿನ ಕಡೆಯ ಮಗು ಹುಟ್ಟಿತು ಅಂತ ತಣ್ಣಗೆ ಶುರು ಮಾಡ್ತಾನೆ. ಇವರು ಅಲ್ಲಿಗೂ ಎರಡು ಆಶ್ಚರ್ಯಚಿಹ್ನೆ ಸೇರಿಸಿದ್ದಾರೆ. ಜನರ ಪರ ಅಂತ ಹೇಳಿ ಅವನಾಡದ ಮಾತನ್ನು ಅವನ ಬಾಯಿಗೆ ತುರುಕುವ ಹಾಗಿಲ್ಲ.

ಶೆಟ್ರು ಮಾಟುಂಗಾ: ಪೂರ್ತಿ ಒಪ್ಪಲಿಲ್ಲ. ಭಾನುವಾರ ಮುಂದುವರಿಸುವ.

ಪ್ರಶಾಂತ್ ಪುಣೆ: ತಿದ್ದಿ ಕಳಸ್ತೀನಿ. ಇನ್ನೊಂದು: ಬಾಲ್ಡ್ವಿನ್ ಆ ಪರಿಚಾರಿಕೆ ಕಡೆ ಎಸೆದದ್ದಕ್ಕ ‘ಲೋಟ’ ಅಂತ ಅದ. ಲೋಟ ಕನ್ನಡಿಗೆ ಬಡಿದು ಚೂರಾಯಿತಂತ. ಸ್ಟೀಲ್ ಲೋಟ ಹೆಂಗ ಚೂರಾಗ್ತದ? ‘ಮಗ್’ ಮಾಡ್ಲಿ?

ಶೆಟ್ರು ಮಾಟುಂಗಾ: ಮಗ್ ಅಂದರೆ ಬಚ್ಚಲಲ್ಲಿರುವುದು ಮಾರಾಯ್ರೆ. ಗ್ಲಾಸ್ ಮಾಡಿ.