ಪದಚರ್ಚೆ: ಕಾಮಿಕ್ಸ್‌ನ ಎರಡು ಚೌಕಗಳ ನಡುವಿನ ಜಾಗಕ್ಕೆ ಏನನ್ನೋಣ?

ಗೆಳೆಯರಿಗೆಲ್ಲ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಕಾಮಿಕ್ಸ್ ಪುಟದಲ್ಲಿ ಒಂದು ಚೌಕಕ್ಕೂ ಪಕ್ಕದ ಚೌಕಕ್ಕೂ ನಡುವೆ ಸಣ್ಣ ಬಿಳಿ ಪಟ್ಟಿ ಇರುತ್ತದೆ, ಅಲ್ವಾ? ಇಂಗ್ಲಿಷಿನವರು ಅದಕ್ಕೆ ಗಟರ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನಬಹುದು?

ಈಚೆಗೆ ಓದಿದ ಕೆಲವು ಗ್ರಾಫಿಕ್ ಕಾದಂಬರಿಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನವು ಸಣ್ಣ ಪ್ರಕಾಶಕರು ತಂದ ಪುಸ್ತಕಗಳು. ಪುಟದ ಉಳಿದ ಭಾಗಗಳಿಗೆ ಹೇಗೋ ಮಾತು ಸಿಗುತ್ತದೆ. ಈ ಬಿಳಿ ಪಟ್ಟಿಯ ಹತ್ತಿರ ಬಂದಾಗ ಮಾತ್ರ ಬರವಣಿಗೆ ನಿಂತುಬಿಡುತ್ತದೆ. ಅದನ್ನು ಬಿಟ್ಟು ಮುಂದೆ ಹೋಗೋಣ ಅಂದರೆ ಆಗುವುದಿಲ್ಲ. ಈ ಪುಸ್ತಕಗಳಲ್ಲಿ ನನ್ನನ್ನು ತುಂಬಾ ಕಲಕಿದ್ದೆಲ್ಲ ನಡೆದಿರುವುದು ಅಲ್ಲೇ.

ಮರ್ಜಾನ್ ಸತ್ರಪಿ ಅವರ ‘ಪರ್ಸೆಪೊಲಿಸ್’ ನೋಡಿ. ಇರಾನಿನಲ್ಲಿ ಬೆಳೆದು ಫ್ರಾನ್ಸ್ ಸೇರಿದ ಸತ್ರಪಿ ತಮ್ಮ ಬಾಲ್ಯವನ್ನು ಬರೀ ಕಪ್ಪು ಬಿಳುಪಿನಲ್ಲಿ ಬರೆದರು. 2000ದಿಂದ 2003ರವರೆಗೆ ನಾಲ್ಕು ಸಂಪುಟಗಳಾಗಿ ಅದು ಫ್ರೆಂಚಿನಲ್ಲಿ ಬಂತು. ಕಲಾವಿದರೇ ಸೇರಿ ಕಟ್ಟಿದ ಒಂದು ಪ್ರಕಾಶನ ಅದನ್ನು ಹೊರತಂದಿತು. ಮೊದಲ ಪುಟದ ಮೊದಲ ಚೌಕದಲ್ಲಿ ಹತ್ತು ವರ್ಷದ ಮಾರ್ಜಿ, ಅಂದರೆ ಬಾಲಕಿ ಸತ್ರಪಿಯೇ, ತಲೆಗೆ ಬಟ್ಟೆ ಹಾಕಿಕೊಂಡು ಒಬ್ಬಳೇ ಕೂತಿದ್ದಾಳೆ. ವರ್ಷ 1980. ಪಕ್ಕದ ಚೌಕದಲ್ಲಿ ತರಗತಿಯ ಫೋಟೊ. ಅದರಲ್ಲಿ ತಾನು ಎಡತುದಿಯಲ್ಲಿದ್ದೇನೆ, ಹಾಗಾಗಿ ಕಾಣುವುದಿಲ್ಲ ಅನ್ನುತ್ತಾಳೆ. ಚೌಕದ ಗೆರೆ ಅವಳನ್ನು ಕತ್ತರಿಸಿಬಿಟ್ಟಿದೆ. ಹಾಗಾದರೆ ಹುಡುಗಿ ಎಲ್ಲಿ ಹೋದಳು? ಎರಡು ಚೌಕಗಳ ನಡುವಿನ ಆ ಬಿಳಿಯೊಳಗೆ ಸೇರಿಹೋದಳು. ಒಂದು ದೇಶ ಹೆಣ್ಣುಮಕ್ಕಳನ್ನು ಕಾಣದಂತೆ ಮಾಡಿದ್ದು ಹೇಗೆ ಅನ್ನುವುದನ್ನು ಸತ್ರಪಿ ಕಥೆ ಶುರುವಾಗುವಾಗಲೇ ಹೇಳಿ ಮುಗಿಸಿದ್ದಾರೆ.

ಅದೇ ಪುಸ್ತಕದ ಇನ್ನೊಂದು ಕಡೆ, ಯುದ್ಧದ ದಿನಗಳು. ಕ್ಷಿಪಣಿ ಬಿದ್ದು ನೆರೆಮನೆ ಕುಸಿದಿದೆ. ಇಟ್ಟಿಗೆ ಕಲ್ಲುಗಳ ನಡುವೆ ಗೆಳತಿಯ ಬಳೆ ಕಾಣುತ್ತದೆ. ಬಳೆಯ ಜೊತೆಗೆ ಇನ್ನೇನೋ ಇದೆ. ಮಾರ್ಜಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಮುಂದಿನ ಚೌಕದಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಕೊನೆಯ ಚೌಕ ಪೂರ್ತಿ ಕಪ್ಪು. ಅವಳು ಕಂಡದ್ದನ್ನು ನಮಗೆ ಯಾರೂ ತೋರಿಸಿಲ್ಲ. ಆದರೂ ನಾವು ನೋಡಿಬಿಟ್ಟಿರುತ್ತೇವೆ. ಕೈ ಬಾಯಿಂದ ಕಣ್ಣಿಗೆ ಹೋಗುವಷ್ಟರಲ್ಲಿ, ಆ ನಡುವಿನ ಜಾಗದಲ್ಲಿ.

ಚೌಕಗಳ ನಡುವೆ ಓದುಗರ ಮನಸ್ಸು ಮಾಡುವ ಈ ಕೆಲಸದ ಬಗ್ಗೆ ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್ಲೌಡ್ 1993ರಲ್ಲೇ ಒಂದು ಇಡೀ ಅಧ್ಯಾಯ ಬರೆದಿದ್ದಾರೆ, ಅದೂ ಕಾಮಿಕ್ಸ್ ರೂಪದಲ್ಲೇ. ಅವರ ಉದಾಹರಣೆ ಹೀಗಿದೆ: ಒಂದು ಚೌಕದಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ. ಮುಂದಿನ ಚೌಕದಲ್ಲಿ ರಾತ್ರಿಯ ಊರು, ಒಂದು ಚೀರಾಟ. ಕೊಡಲಿ ಬಿದ್ದದ್ದನ್ನು ಚಿತ್ರಕಾರ ಬರೆದೇ ಇಲ್ಲ. ಬೀಳಿಸಿದ್ದು ಓದುಗ. ಇಷ್ಟು ದೊಡ್ಡ ಕೆಲಸ ನಡೆಯುವ ಜಾಗಕ್ಕೆ ನಮ್ಮ ಭಾಷೆಯಲ್ಲಿ ಒಂದು ಹೆಸರು ಇರಬೇಡವೇ?

ಈಗ ಪದಗಳಿಗೆ ಬರುತ್ತೇನೆ. ಗಟರ್‌ಗೆ ನಿಘಂಟಿನ ಅರ್ಥ ಹಿಡಿದು ಚರಂಡಿ ಅನ್ನುವ ಹಾಗಿಲ್ಲ, ಅದು ಬೇಡವೇ ಬೇಡ. ಪುಟ ಕಟ್ಟುವ ಡಿಟಿಪಿಯವರು ‘ಗ್ಯಾಪ್ ಬಿಡಿ’ ಅನ್ನುತ್ತಾರೆ. ಅದು ಅಳತೆಯ ಮಾತು. ಇಷ್ಟು ಮಿಲಿಮೀಟರ್ ಬಿಡಬೇಕು ಅನ್ನುವುದಕ್ಕೆ ಸರಿಹೋಗುತ್ತದೆ, ಓದುವವರ ಮನಸ್ಸಿನಲ್ಲಿ ಆಗುವುದಕ್ಕೆ ಸಾಲದು.

ನನಗೆ ಮೊದಲು ಹೊಳೆದದ್ದು ಸಂದು. ಬಾಗಿಲ ಸಂದು, ಹಲ್ಲಿನ ಸಂದು, ಊರಿನ ಸಂದುಗೊಂದು. ಎಲ್ಲರಿಗೂ ಗೊತ್ತಿರುವ ಮಾತು. ಬಾಗಿಲ ಸಂದಿನಿಂದ ಇಣುಕುವಾಗ ಅರ್ಧ ಕಂಡು ಅರ್ಧ ಊಹಿಸುತ್ತೇವೆ, ಆ ಅರ್ಥವೂ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಸಂದು ಅಂದಾಗ ಇಕ್ಕಟ್ಟು ಅನ್ನಿಸುತ್ತದೆ. ಕೆಲವು ಪುಟಗಳಲ್ಲಿ ಈ ಜಾಗ ಕೈ ಚಾಚುವಷ್ಟು ಅಗಲ ಇರುತ್ತದೆ. ಅದನ್ನು ಸಂದು ಅನ್ನಲು ನಾಲಿಗೆ ಬರುವುದಿಲ್ಲ.

ಆಮೇಲೆ ಎಡೆ. ‘ಎಡೆಬಿಡದೆ’ ಅನ್ನುವಾಗ ನಡುವೆ ಬಿಡುವ ಜಾಗ ಅನ್ನುವ ಅರ್ಥ ಅದರಲ್ಲಿ ಇದ್ದೇ ಇದೆ. ಆದರೆ ಬಿಡಿಯಾಗಿ ಎಡೆ ಅಂದರೆ ಇವತ್ತು ಹೆಚ್ಚಿನವರಿಗೆ ನೆನಪಾಗುವುದು ಹಬ್ಬದ ಬಾಳೆಲೆ. ಇನ್ನು ‘ಬಿಟ್ಟ ಜಾಗ’. ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ‘ಬಿಟ್ಟ ಸ್ಥಳ ತುಂಬಿರಿ’ ಬರೆದವರೇ. ತುಂಬುವವರು ನಾವು ಅನ್ನುವುದು ಆ ಮಾತಿನಲ್ಲೇ ಇದೆ, ಅದಕ್ಕೇ ನನಗದು ಇಷ್ಟ. ಆದರೆ ಪರೀಕ್ಷೆಯ ಬಿಟ್ಟ ಸ್ಥಳಕ್ಕೆ ಒಂದೇ ಸರಿಯುತ್ತರ. ಮೆಕ್ಲೌಡ್‌ನ ಕೊಡಲಿ ಎಷ್ಟು ಜೋರಾಗಿ ಬಿತ್ತು, ಎಲ್ಲಿ ಬಿತ್ತು ಅನ್ನುವುದಕ್ಕೆ ಓದುವವರಷ್ಟೇ ಉತ್ತರಗಳು.

ಹುಡುಕುತ್ತಾ ಹೋದಾಗ ನನ್ನ ಮನಸ್ಸು ನಿಂತದ್ದು ತೆರಪು ಅನ್ನುವ ಪದದ ಮೇಲೆ. ‘ಮಳೆ ತೆರಪಿಲ್ಲದೆ ಸುರಿಯಿತು’ ಅಂತ ಕೇಳಿದ್ದೇವೆ. ಜಾಗದ ಬಿಡುವಿಗೂ ಆಗುತ್ತದೆ, ಕಾಲದ ಬಿಡುವಿಗೂ ಆಗುತ್ತದೆ. ಇದು ದೊಡ್ಡ ಗುಣ. ಕಾಮಿಕ್ಸ್‌ನಲ್ಲಿ ಪುಟದ ಮೇಲಿನ ಜಾಗವೇ ಕಾಲ. ಒಂದು ಬೆರಳಿನ ಅಗಲ ದಾಟಿದರೆ ಒಂದು ಕ್ಷಣ ಕಳೆದಿರಬಹುದು, ಒಂದು ತಲೆಮಾರು ಕಳೆದಿರಬಹುದು.

ಎರಡು ಪುಸ್ತಕಗಳ ಜೊತೆ ಇಟ್ಟು ನೋಡಿದೆ. ಆಸ್ಟ್ರೇಲಿಯಾದ ಶಾನ್ ಟ್ಯಾನ್ ಅವರ ‘ದಿ ಅರೈವಲ್’ 2006ರದ್ದು. ಹೊಟ್ಟೆಪಾಡಿಗೆ ಮನೆ ಬಿಟ್ಟು ಹೋಗುವ ಒಬ್ಬನ ಕಥೆ. ಇಡೀ ಪುಸ್ತಕದಲ್ಲಿ ಓದಲು ಒಂದು ಮಾತೂ ಇಲ್ಲ. ಹಡಗಿನ ಪ್ರಯಾಣ ಬರುವಲ್ಲಿ ಎರಡು ಪುಟದ ತುಂಬ ಪುಟ್ಟ ಪುಟ್ಟ ಚೌಕಗಳು, ಒಂದೊಂದರಲ್ಲೂ ಬರೀ ಮೋಡ. ಬೆಳ್ಳಗಿನ ಮೋಡ, ಕಡುಗಪ್ಪು ಮೋಡ, ಚದುರಿದ ಮೋಡ. ಸಮುದ್ರದ ಮೇಲೆ ದಿನಗಳು ಕಳೆಯುತ್ತಿವೆ ಅಂತ ಯಾರೂ ಹೇಳುವುದಿಲ್ಲ. ಒಂದು ಮೋಡಕ್ಕೂ ಇನ್ನೊಂದಕ್ಕೂ ನಡುವಿನ ತೆರಪಿನಲ್ಲಿ ದಿನಗಳು ಸುಮ್ನೆ ಜಾರಿಹೋಗುತ್ತವೆ. ಈ ವಾಕ್ಯದಲ್ಲಿ ಸಂದು ಅಂತ ಹಾಕಿ ಓದಿ ನೋಡಿ, ನಿಲ್ಲುವುದಿಲ್ಲ.

ಇನ್ನೊಂದು ರಿಚರ್ಡ್ ಮೆಗ್ವಾಯರ್ ಅವರ ‘ಹಿಯರ್’, 2014ರದ್ದು. ಪುಸ್ತಕದ ತುಂಬ ಇರುವುದು ಒಂದೇ ಮನೆಯ ಒಂದೇ ಮೂಲೆ. ಆದರೆ ಕೋಣೆಯ ಚಿತ್ರದೊಳಗೇ ಬೇರೆ ಬೇರೆ ವರ್ಷಗಳ ಕಿಟಕಿಗಳು ತೆರೆದುಕೊಳ್ಳುತ್ತವೆ, ಪ್ರತಿಯೊಂದರ ಮೂಲೆಯಲ್ಲೂ ಇಸವಿ ಬರೆದಿರುತ್ತದೆ. 1957ರ ಕೋಣೆಯ ನಡುವೆ ಮನೆಯೇ ಇಲ್ಲದ ಕಾಲದ ಕಾಡು ಕಾಣಬಹುದು. ಚೌಕಗಳು ಒಂದರ ಮೇಲೊಂದು ಕೂತಿವೆ, ನಡುವೆ ಬಿಳಿ ಪಟ್ಟಿಯೇ ಇಲ್ಲ. ಆದರೂ ಇಸವಿಯಿಂದ ಇಸವಿಗೆ ಜಿಗಿಯುವಾಗ ಎದೆ ಝಲ್ಲೆನ್ನುವಷ್ಟು ದೂರ. ಕಣ್ಣಿಗೆ ಬಿಳಿ ಕಾಣದಿದ್ದರೂ ತೆರಪು ಇದೆ ಅನ್ನಬಹುದು. ಗಟರ್ ಅನ್ನುವ ಮೂಲ ಪದಕ್ಕೇ ಇದು ಸುಲಭವಲ್ಲ.

ತೆರಪಿಗೆ ಒಗ್ಗದ ಪುಸ್ತಕವೂ ಇದೆ. ದೆಹಲಿಯ ನವಯಾನ ಪ್ರಕಾಶನ 2011ರಲ್ಲಿ ತಂದ ‘ಭೀಮಾಯಣ’. ಅಂಬೇಡ್ಕರ್ ಅವರಿಗೆ ನೀರು, ನೆರಳು ಸಿಗದ ದಿನಗಳ ಕಥೆ, ದಲಿತರು ನೀರಿನ ಹಕ್ಕಿಗಾಗಿ ನಡೆಸಿದ 1927ರ ಮಹಾಡ್ ಕೆರೆಯ ಹೋರಾಟದ ಕಥೆ ಅದರಲ್ಲಿದೆ. ಚಿತ್ರ ಬರೆದವರು ಮಧ್ಯ ಭಾರತದ ಪರ್ಧಾನ್ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ನಮ್ಮ ಪಾತ್ರಗಳನ್ನು ಪೆಟ್ಟಿಗೆಯೊಳಗೆ ತುರುಕುವುದಿಲ್ಲ, ಅವಕ್ಕೆ ಉಸಿರು ಕಟ್ಟುತ್ತದೆ, ನಮ್ಮದು ಖುಲ್ಲಾ ಕಲೆ ಅಂತ ಅವರು ಹೇಳಿಬಿಟ್ಟರು. ಹಾಗಾಗಿ ಚೌಕಗಳ ಬದಲು ಡಿಗ್ನಾ ಬಂತು. ಡಿಗ್ನಾ ಅಂದರೆ ಗೊಂಡರು ಮನೆಯ ಗೋಡೆ, ನೆಲದ ಮೇಲೆ ಬರೆಯುವ ಪಟ್ಟಿ ಚಿತ್ತಾರ. ಅದೇ ಪುಟವನ್ನು ಬಳುಕುತ್ತಾ ಭಾಗ ಮಾಡುತ್ತದೆ. ಖಾಲಿ ಇರಬೇಕಾದ ಕಡೆ ಗೆರೆ ತುಂಬಿದೆ. ಅದನ್ನು ತೆರಪು ಅನ್ನಲು ಬರುವುದಿಲ್ಲ, ಅಂಚು ಅನ್ನುವುದೇ ಸರಿ ಅಂತ ನನಗೆ ತೋರುತ್ತದೆ.

ಇದೇ ಪುಸ್ತಕದಿಂದ ಇನ್ನೊಂದು ಪದ ತಾನಾಗಿ ಬಂತು. ಮಾತಿನ ಗುಳ್ಳೆಯಿಂದ ಮಾತಾಡುವವರ ಕಡೆ ಚಾಚಿರುವ ಬಾಲಕ್ಕೆ ಏನನ್ನುವುದು? ಭೀಮಾಯಣದಲ್ಲಿ ಮೆತ್ತಗಿನ ಮಾತುಗಳಿಗೆ ಹಕ್ಕಿಯ ಆಕಾರ. ಜಾತಿಯ ವಿಷ ಕಾರುವ ಮಾತುಗಳಿಗೆ ಚೇಳಿನ ಬಾಲ. ಚೇಳಿನ ಬಾಲದ ತುದಿ ನಮ್ಮಲ್ಲಿ ಕೊಂಡಿ. ಎರಡನ್ನು ಜೋಡಿಸುವುದೂ ಕೊಂಡಿಯೇ. ಮಾತನ್ನು ಆಡಿದವರಿಗೆ ಜೋಡಿಸುವ ಆ ಬಾಲಕ್ಕೆ ಕೊಂಡಿ ಅನ್ನೋಣ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಇಂಗ್ಲಿಷಿನ ಪ್ಯಾನೆಲ್‌ಗೆ, ಅಂದರೆ ಪುಟದ ಒಂದೊಂದು ಚಿತ್ರದ ಚೌಕಟ್ಟಿಗೆ, ಚೌಕ ಸಾಕು ಅಂದುಕೊಂಡಿದ್ದೇನೆ. ಅಂಕಣ ಚೆಲುವಾದ ಪದ. ಎರಡಂಕಣದ ಮನೆ ಅಂದರೆ ಕಂಬಗಳ ನಡುವಿನ ಒಂದೊಂದು ಭಾಗ, ಪುಟಕ್ಕೂ ಹೊಂದುತ್ತದೆ. ಆದರೆ ಪತ್ರಿಕೆಯವರು ಅದನ್ನು ಬೇರೆ ಕೆಲಸಕ್ಕೆ ಹಚ್ಚಿದ್ದಾರೆ. ಶಿಲ್ಪದ ಬಗ್ಗೆ ಬರೆಯುವವರು ಫಲಕ ಅನ್ನುತ್ತಾರೆ. ತರೀಕೆರೆ ಹತ್ತಿರದ ಅಮೃತಾಪುರದ ಹೊಯ್ಸಳ ಗುಡಿಯಲ್ಲಿ ಹೊರಗೋಡೆಯ ಮೇಲೆ ರಾಮಾಯಣವೇ ಎಪ್ಪತ್ತು ಫಲಕಗಳಲ್ಲಿದೆ, ಅದೂ ಅಪ್ರದಕ್ಷಿಣೆಯಾಗಿ ಓದಬೇಕು. 1196ರ ಗುಡಿ. ಗೋಡೆಗೆ ಫಲಕ ಒಪ್ಪುತ್ತದೆ. ಪುಸ್ತಕದಲ್ಲಿ ಫಲಕ ಅಂದರೆ ಬಸ್ಸಿನ ಬೋರ್ಡ್ ಕಣ್ಣಮುಂದೆ ಬರುತ್ತದೆ.

ಹಾಗಾಗಿ ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ನಿಮ್ಮ ಕಡೆ ತೆರಪು ಇನ್ನೂ ಮಾತಿನಲ್ಲಿದೆಯೇ? ಇದ್ದರೆ ಯಾವ ಸಂದರ್ಭದಲ್ಲಿ, ಜಾಗಕ್ಕೆ ಜಾಸ್ತಿಯೋ ಹೊತ್ತಿಗೆ ಜಾಸ್ತಿಯೋ? ಒಂದೆರಡು ವಾಕ್ಯ ಬಳಸಿ ತೋರಿಸಿದರೆ ಬಹಳ ಉಪಕಾರ. ಸಾಗರ, ಸೊರಬದ ಕಡೆಯವರು ಇದ್ದರೆ ಇನ್ನೊಂದು ಮಾತು. ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ಗೆರೆಗೂ ಗೆರೆಗೂ ನಡುವೆ ಬಣ್ಣ ಮುಟ್ಟಿಸದೆ ಬಿಡುವ ಜಾಗಕ್ಕೆ ಏನಾದರೂ ಹೆಸರು ಹೇಳುತ್ತಾರೆಯೇ? ದಯವಿಟ್ಟು ಅವರನ್ನೇ ಕೇಳಿ ಬರೆಯಿರಿ.