ಚಿಕ್ಕಪ್ಪನ ಆಪರೇಷನ್ ವಿಷಯವಾಗಿ ಮಂಜುವಿಗೆ

ಮಂಜು, ಚಿಕ್ಕಪ್ಪನ ಮೂತ್ರಕೋಶದ ಕ್ಯಾನ್ಸರ್ ಗಡ್ಡೆಗೆ ರೋಬೋಟ್ ಆಪರೇಷನ್ನೇ ಮಾಡಿಸಬೇಕೇ, ಹೊಟ್ಟೆಯ ಮೇಲೆ ಮೂತ್ರದ ಚೀಲ ಬರುವುದನ್ನು ಹೇಗಾದರೂ ತಪ್ಪಿಸಬಹುದೇ ಎಂದು ನೀನು ನಿನ್ನೆ ಗುಂಪಿನಲ್ಲಿ ಕೇಳಿದ್ದೆ. ನಾನು ಮೂತ್ರರೋಗ ತಜ್ಞನಲ್ಲ. ಇಂಥ ಆಪರೇಷನ್‌ಗಳಿಗೆ ಹಲವು ವರ್ಷ ಅರಿವಳಿಕೆ ಕೊಟ್ಟವನಾಗಿ ತಿಳಿದಷ್ಟನ್ನು ಹೇಳುತ್ತೇನೆ.

ನೀನು ಕಳುಹಿಸಿದ ಬಯಾಪ್ಸಿ ರಿಪೋರ್ಟಿನ ಪ್ರಕಾರ ಗಡ್ಡೆ ಸ್ನಾಯುವಿನ ಪದರಕ್ಕೆ ಇಳಿದಿದೆ. ಆದ್ದರಿಂದ ಒಳಗಿನಿಂದ ಕೆರೆದು ತೆಗೆದರಷ್ಟೇ ಸಾಲದು. ಸಾಮಾನ್ಯವಾಗಿ ಮೂತ್ರಕೋಶವನ್ನೇ ತೆಗೆದು, ಮೂತ್ರಕ್ಕೆ ಬೇರೆ ದಾರಿ ಮಾಡುತ್ತಾರೆ. ರೋಬೋಟಿಗಿಂತ ಮೊದಲು ಕೇಳಬೇಕಾದದ್ದು, ಆಪರೇಷನ್ನಿಗೆ ಮುಂಚೆ ಸಿಸ್ಪ್ಲಾಟಿನ್ ಎಂಬ ಔಷಧಿ ಇರುವ ಕೀಮೋ ಕೊಡಲು ಸಾಧ್ಯವೇ ಎಂಬುದು. ಹಾಗೆ ಕೊಟ್ಟರೆ ಐದು ವರ್ಷ ಬದುಕುಳಿಯುವವರು ನೂರಕ್ಕೆ ಸುಮಾರು 5 ಮಂದಿ ಹೆಚ್ಚುತ್ತಾರೆ. ಆದರೆ ಕಿಡ್ನಿ ಚೆನ್ನಾಗಿರಬೇಕು. ಮೂತ್ರಕೋಶ ಉಳಿಸಿಕೊಂಡು ರೇಡಿಯೇಶನ್ ಮತ್ತು ಕೀಮೋ ಕೊಡುವ ದಾರಿ ಅವರಿಗೆ ಹೊಂದುತ್ತದೆಯೇ ಎಂದೂ ಕೇಳು.

ಇನ್ನು ರೋಬೋಟ್. ಅಮೆರಿಕದ 15 ಆಸ್ಪತ್ರೆಗಳಲ್ಲಿ ನಡೆದ, 2018ರಲ್ಲಿ ಪ್ರಕಟವಾದ ರೇಜರ್ ಅಧ್ಯಯನದಲ್ಲಿ, ಎರಡು ವರ್ಷಗಳ ಬಳಿಕ ಕಾಯಿಲೆ ಮರುಕಳಿಸದೆ ಇದ್ದವರು ರೋಬೋಟ್ ಗುಂಪಿನಲ್ಲಿ ಶೇ. 72.3, ಹೊಟ್ಟೆ ತೆರೆದು ಮಾಡಿದ ಗುಂಪಿನಲ್ಲಿ ಶೇ. 71.6. ರೋಬೋಟಿನಲ್ಲಿ ರಕ್ತ ಕಡಿಮೆ ಹೋಗಿತ್ತು, ಸಮಯ ಹೆಚ್ಚು ಹಿಡಿದಿತ್ತು. ಏನಾದರೊಂದು ತೊಂದರೆ ಎದುರಿಸಿದವರು ಎರಡೂ ಕಡೆ ಮೂರರಲ್ಲಿ ಇಬ್ಬರು. ಹೀಗಿರುವಾಗ ಯಂತ್ರಕ್ಕಾಗಿ ಸಾಲ ಮಾಡುವುದು ನನಗೆ ಸರಿಕಾಣದು. ಇದೇ ಆಪರೇಷನ್ನನ್ನು ವರ್ಷಕ್ಕೆ ಎಷ್ಟು ಬಾರಿ ಮಾಡುತ್ತೀರಿ ಎಂದು ಸರ್ಜನ್ನರನ್ನು ಸಂಕೋಚವಿಲ್ಲದೆ ಕೇಳು.

ಚೀಲದ ವಿಷಯವನ್ನು ಮಾತ್ರ ಚಿಕ್ಕಪ್ಪನೇ ತೀರ್ಮಾನಿಸಲಿ. ಸಣ್ಣ ಕರುಳಿನ ಗೇಣುದ್ದದ ತುಂಡಿನಿಂದ ಮೂತ್ರವನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ಹರಿಸುವುದು ಒಂದು ವಿಧಾನ. ಅರ್ಧ ಮೀಟರಿನಷ್ಟು ಕರುಳಿನಿಂದ ಒಳಗೇ ಹೊಸ ಮೂತ್ರಕೋಶ ಹೊಲಿಯುವುದು ಇನ್ನೊಂದು. ಎರಡನೆಯದು ಕೇಳಲು ಹಿತವಾಗಿದ್ದರೂ, ಮೊದಲಿನಂತೆ ಮೂತ್ರದ ಒತ್ತಡ ತಿಳಿಯದ ಕಾರಣ ಗಡಿಯಾರ ನೋಡಿ, ರಾತ್ರಿಯೂ ಅಲಾರಂ ಇಟ್ಟುಕೊಂಡು ಎದ್ದು ಹೋಗಬೇಕು. ನಿದ್ದೆಯಲ್ಲಿ ಸೋರುವುದು ಸಾಮಾನ್ಯ. ಕೆಲವರು ತಾವೇ ನಳಿಕೆ ಹಾಕಿಕೊಂಡು ಖಾಲಿ ಮಾಡಬೇಕಾಗುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ ಅಥವಾ ಮೂತ್ರ ಹೊರಹೋಗುವ ನಾಳದವರೆಗೆ ಗಡ್ಡೆ ಹಬ್ಬಿದ್ದರೆ ಈ ಆಯ್ಕೆಯೇ ಇರುವುದಿಲ್ಲ. ಅಂದಹಾಗೆ, ಚೀಲದ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿರುವವರು ನಾವು. ಚಿಕ್ಕಪ್ಪ ಈವರೆಗೆ ಒಂದು ಮಾತೂ ಆಡಿಲ್ಲ.

ಬೀಡಿಯನ್ನು ಇಂದೇ ಬಿಡಿಸಿ. ಈ ಗಡ್ಡೆಗೆ ಅತಿ ದೊಡ್ಡ ಕಾರಣ ಹೊಗೆಸೊಪ್ಪು, ಅರಿವಳಿಕೆಯ ಬಳಿಕ ಶ್ವಾಸಕೋಶಕ್ಕೆ ತೊಂದರೆ ಕೊಡುವುದೂ ಅದೇ. ಗುರುವಾರ ಹೋಗುವಾಗ ಕಿಡ್ನಿ ಹೇಗಿದೆ ಎಂದು ತೋರಿಸುವ ಹಳೆಯ ಕ್ರಿಯಾಟಿನಿನ್ ರಿಪೋರ್ಟುಗಳನ್ನೆಲ್ಲ ಒಯ್ಯಿ. ಚೀಲ ಕೂರುವ ಜಾಗವನ್ನು ಆಪರೇಷನ್ನಿಗೆ ಮೊದಲೇ, ಕೂತು ನಿಂತು ನೋಡಿ ಗುರುತು ಹಾಕಿಸಿಕೊಳ್ಳಬೇಕು. ಅದು ಪಂಚೆಯ ಗಂಟಿನ ಕೆಳಗೆ ಸಿಕ್ಕಿಕೊಳ್ಳಬಾರದು. ಆ ದಿನ ಚಿಕ್ಕಪ್ಪನಿಗೆ ಪ್ಯಾಂಟು ತೊಡಿಸದೆ ಪಂಚೆಯಲ್ಲೇ ಕರೆದುಕೊಂಡು ಹೋಗು.