ಸಹಾಯ ಬೇಕು: ಬ್ಯಾಚ್ ಫೈಲ್ ಮೂಲಕ ಕಡತದ ಹೆಸರಿಗೆ ದಿನಾಂಕ, ಸಮಯ ಸೇರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಲೆಕ್ಕಪತ್ರದ ಕಡತವೊಂದನ್ನು ದಿನಕ್ಕೆರಡು ಬಾರಿ ಬೇರೆ ಫೋಲ್ಡರಿಗೆ ನಕಲು ಮಾಡಿ, ಪ್ರತಿಯ ಹೆಸರಿಗೆ ದಿನಾಂಕ ಮತ್ತು ಸಮಯವನ್ನು ಸೇರಿಸುವ ಬ್ಯಾಚ್ ಫೈಲೊಂದನ್ನು (ಸಾಲುಸಾಲಾಗಿ ನಡೆಯುವ ಆಜ್ಞೆಗಳ ಕಡತ) ವಿಂಡೋಸ್‌ನಲ್ಲಿ ಬರೆದಿದ್ದೇನೆ. ಹೆಸರು ‘ಲೆಕ್ಕ_2025-03-07_0915’ ಎಂಬಂತೆ ವರ್ಷದಿಂದಲೇ ಆರಂಭವಾದರೆ ಪ್ರತಿಗಳು ತಾವಾಗಿಯೇ ಕಾಲಕ್ರಮದಲ್ಲಿ ಕೂರುತ್ತವೆ. ನನಗೆ ಬೇಕಿರುವುದು ಅದೇ.

ಕಡತದ ಹೆಸರಿನಲ್ಲಿ ಓರೆಗೆರೆಯಾಗಲಿ ಕೋಲನ್ ಆಗಲಿ ಸಲ್ಲದ ಕಾರಣ, ಇಂದಿನ ದಿನಾಂಕ, ಸಮಯಗಳನ್ನು ಹಿಡಿದಿಡುವ ಡೇಟ್ ಮತ್ತು ಟೈಮ್ ವೇರಿಯಬಲ್‌ಗಳಿಂದ (ಹೆಸರಿಟ್ಟ ಮೌಲ್ಯಗಳಿಂದ) ಅಂಕಿಗಳನ್ನಷ್ಟೇ ಕತ್ತರಿಸಿಕೊಂಡೆ. ಸಂಜೆಯ ಪ್ರತಿ ಸರಿಯಾಗಿ ಬಂದಿತು. ಆದರೆ ಬೆಳಗಿನ 10 ಗಂಟೆಗೆ ಮೊದಲು, ಗಂಟೆಯ ಅಂಕಿಯ ಹಿಂದೆ ಸೊನ್ನೆಯ ಬದಲು ಖಾಲಿ ಜಾಗ ಬರುವುದರಿಂದ, ಹೆಸರು ಅಲ್ಲಿಗೇ ತುಂಡಾಗಿ ನಕಲು ನಿಂತುಹೋಗುತ್ತಿತ್ತು. ಆ ಜಾಗಕ್ಕೆ ಸೊನ್ನೆ ತುಂಬಿ ಅದನ್ನು ಸರಿಪಡಿಸಿದೆ. ಅಷ್ಟರಲ್ಲಿ, ಪ್ರಾದೇಶಿಕ ಸೆಟ್ಟಿಂಗ್ ಬೇರೆಯಿರುವ ಇನ್ನೊಂದು ಗಣಕದಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿ, ಎರಡು ವಾರದ ಪ್ರತಿಗಳ ಹೆಸರನ್ನು ಕೈಯಾರೆ ತಿದ್ದಬೇಕಾಯಿತು. ಇದು ನಿಜಕ್ಕೂ ಬೇಸರ ತಂದಿದೆ.

ವಿಂಡೋಸ್‌ನ ಇನ್ನೊಂದು ಆಜ್ಞಾ ಸಾಧನವಾದ ಪವರ್‌ಶೆಲ್‌ನಲ್ಲಿ ದಿನಾಂಕ, ಸಮಯ ಕೊಡುವ ಗೆಟ್-ಡೇಟ್ ಆಜ್ಞೆಗೆ ಬೇಕಾದ ಮಾದರಿಯನ್ನು ಕೊಟ್ಟರೆ (ತಿಂಗಳಿಗೆ ದೊಡ್ಡ ಎಮ್, ನಿಮಿಷಕ್ಕೆ ಸಣ್ಣ ಎಮ್) ಎರಡೂ ಗಣಕಗಳಲ್ಲಿ ಒಂದೇ ರೀತಿಯ ಉತ್ತರ ಬರುತ್ತದೆ. ಆದರೆ ಅದನ್ನು ಬ್ಯಾಚ್ ಫೈಲ್‌ನಲ್ಲಿ ವೇರಿಯಬಲ್‌ಗೆ ಮೌಲ್ಯ ತುಂಬುವ ಸೆಟ್ ಆಜ್ಞೆಯಲ್ಲಿ ನೇರವಾಗಿ ಬರೆದಾಗ, ಉತ್ತರದ ಬದಲು ಆ ಆಜ್ಞೆಯ ಅಕ್ಷರಗಳೇ ವೇರಿಯಬಲ್‌ನಲ್ಲಿ ಉಳಿಯುತ್ತವೆ. ನಾನು ಸಿಕ್ಕಿಕೊಂಡಿರುವುದು ಇಲ್ಲಿಯೇ.

ಪವರ್‌ಶೆಲ್ ಕೊಡುವ ಉತ್ತರವನ್ನು ಬ್ಯಾಚ್ ಫೈಲ್‌ನ ವೇರಿಯಬಲ್‌ಗೆ ತುಂಬಿಸಿಕೊಳ್ಳುವ ಸರಿಯಾದ ಸಾಲು ಯಾವುದು?